ಕೌದಿಯ ತುತ್ತು

ಮೊನ್ನೆ ಬಾಗಲಕೋಟೆಯ ನವನಗರದಲ್ಲಿ ಹಳೆಯ ಸೀರೆಗಳ ರಾಶಿಯ ನಡುವೆ ಕುಳಿತಿದ್ದಾಗ ಆ ವಾಸನೆ ಬಂತು. ಟ್ರಂಕಿನಲ್ಲಿ ವರ್ಷಗಟ್ಟಲೆ ಮಡಚಿಟ್ಟ ನೂಲಿನ ವಾಸನೆ, ಅದರ ಜೊತೆಗೆ ಒಣಗಿದ ಜೋಳದ ರೊಟ್ಟಿಯದು. ಬೇರೆ ಯಾರಿಗಾದರೂ ಹಸಿವಾಗುತ್ತಿತ್ತೇನೋ. ನಾನು ಮಾತ್ರ ಕೈಯಲ್ಲಿದ್ದ ಸೂಜಿ ಕೆಳಗಿಟ್ಟೆ.

ಕೌದಿ ಹೊಲಿಗೆ ಕಲಿಸುವ ಶಿಬಿರಕ್ಕೆ ಮಗಳು ಎಳೆದುಕೊಂಡು ಹೋಗಿದ್ದಳು. ‘ಹಳೇ ಸೀರಿ ತರ್ರಿ, ಕೌದಿ ಕಲೀರಿ’ ಎಂದು ಬಾಗಿಲಿಗೆ ಬೋರ್ಡು ಹಾಕಿದ್ದರು. ನನಗೆ ಬೋರ್ಡು ನೋಡಿದಾಗಿನಿಂದಲೇ ಅನುಮಾನ. ಚಳಿ ತಡೆಯಲು, ಹರಕು ಸೀರೆ ಹಾಳಾಗದಿರಲಿ ಎಂದು ಪದರ ಪದರವಾಗಿ ಹೊಲಿಸಿ ಹೊದೆಯುತ್ತಿದ್ದ ಕೌದಿಯನ್ನು ಈಗ ಗೋಡೆಗೆ ತೂಗುಹಾಕುತ್ತಾರೆಂದರೆ ಒಳಗೆ ಏನೋ ಮಸಲತ್ತು ಇರಲೇಬೇಕು! ನನ್ನ ಸ್ವಭಾವವೇ ಅಂಥದ್ದು. ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡುವವಳು ನಾನು. “ದೇವರು ಎದುರಿಗೆ ಬಂದು ನಿಂತರೂ ನೀ ಆಧಾರ್ ಕಾರ್ಡ್ ಕೇಳ್ತಿ” ಎಂದು ನನ್ನ ಯಜಮಾನರು ನಗುತ್ತಾರೆ.

ನಾಲ್ಕನೆಯ ದಿನ, ಎಲ್ಲರೂ ಸೇರಿ ಹೊಲಿಯುತ್ತಿದ್ದ ನನ್ನ ಸೀರೆಗಳ ಕೌದಿ ಮುಗಿಯುತ್ತ ಬಂದಿತ್ತು. ಒಂದು ಮೂಲೆ ಮಾತ್ರ ಬಾಕಿ. ಕಲಿಸುವ ಹುಡುಗಿ ಒಂದು ಚೂರು ರೊಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸಿದಳು. ಆಮೇಲೆ ರೊಟ್ಟಿಯನ್ನು ಇನ್ನೊಂದು ಕೈಗೆ ತೆಗೆದುಕೊಂಡು, ಖಾಲಿ ಕೈಯನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದಳು.

“ಕೌದಿ ಹೊಟ್ಟಿ ಖಾಲಿ ಇರಬಾರದ್ರಿ. ಕೌದಿ ಯಾರದೈತಿ, ಅವರ ಕೈಲೇ ಈ ಮೂಲ್ಯಾಗ ತುತ್ತು ಹಾಕಸಬೇಕು. ಎಲ್ಲಾರೂ ಕಣ್ಣಾರೆ ನೋಡಬೇಕು. ಇದು ಹಿಂದಿನಿಂದ ಬಂದ ಪದ್ಧತಿ” ಎಂದಳು. ಹೆಂಗಸರು ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡರು. “ಬರ್ರಿ ಅಮ್ಮಾರ, ನೀವು ಹಾಕ್ರಿ” ಎಂದು ನನ್ನತ್ತ ಕೈ ಚಾಚಿದಳು.

ನಾನು ಕೈ ಮುಂದೆ ಮಾಡಲಿಲ್ಲ. ಹಾಗೆ ಕೈ ತೋರಿಸುವುದು ಹಿಂದಿನಿಂದ ಬಂದದ್ದಲ್ಲ. ಯಾವ ಊರಿನಲ್ಲಿ, ಯಾರ ದೆಸೆಯಿಂದ ಶುರುವಾಯಿತೆಂದು ಅಲ್ಲಿ ಕುಳಿತವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು...

ಮದುವೆಯಾದ ಹೊಸತರಲ್ಲಿ ನಾವು ಇಳಕಲ್ಲಿನಲ್ಲಿದ್ದೆವು. ಯಜಮಾನರು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಕಾರಕೂನರು. ನೇಕಾರರ ಓಣಿಯಲ್ಲಿ ಬಾಡಿಗೆ ಮನೆ. ಹಿಂದಿನ ಮನೆಯಲ್ಲಿ ಒಬ್ಬ ವಯಸ್ಸಾದ ಆಯಿ ಇದ್ದಳು, ಹಿಂದೆ ಮುಂದೆ ಯಾರೂ ಇಲ್ಲದವಳು. ಓಣಿಯವರೆಲ್ಲ ಆಕೆಯನ್ನು ಕೌದಿ ಆಯಿ ಎನ್ನುತ್ತಿದ್ದರು. ಮಗ್ಗದ ಮನೆಗಳ ಹಳೆಯ ಸೀರೆಗಳೆಲ್ಲ ಕೊನೆಗೆ ಆಕೆಯ ಸೂಜಿಗೇ ಬರುತ್ತಿದ್ದವು. ಆ ಸೂಜಿಯಿಂದಲೇ ಆಕೆಯ ಒಲೆ ಉರಿಯಬೇಕಿತ್ತು.

ನನ್ನ ತವರಿನಲ್ಲಿ ಸೊಲ್ಲಾಪುರ ಚಾದರ ಹೊದ್ದು ಬೆಳೆದವಳು ನಾನು. ಕೌದಿ ಹೊಲಿಯುವುದನ್ನು ಕಂಡವಳಲ್ಲ. ಮಗಳು ಹುಟ್ಟಿದ ಮೇಲೆ ಆರು ಹಳೆಯ ಸೀರೆ ತೆಗೆದು, ನಮ್ಮ ಪಡಸಾಲೆಯಲ್ಲಿಯೇ ಕುಳಿತು ಹೊಲಿಯಬೇಕೆಂದು ಆಯಿಗೆ ಕರಾರು ಹಾಕಿದೆ. ಒಯ್ದರೆ ಒಳ್ಳೆಯ ಸೆರಗು ಮಾಯವಾದೀತೆಂಬ ಭಯ.

ಆಯಿಗೆ ತಿಳಿಯಲಿಲ್ಲವೆಂದಲ್ಲ. “ಆಗಲಿ ತಂಗಿ, ನಿನ್ನ ಕಣ್ಣಮುಂದನ ಹೊಲೀತೇನಿ” ಎಂದು ನಕ್ಕಳು. ಹನ್ನೆರಡು ದಿನ ಬಂದಳು. ಅಳುವ ಕೂಸನ್ನು ಒಂದು ಕಾಲಿನ ಮೇಲೆ ಮಲಗಿಸಿಕೊಂಡು ತೂಗುತ್ತಲೇ ಹೊಲಿಯುತ್ತಿದ್ದಳು. ಸಾಲು ಒಂದು ಎಳೆ ಅತ್ತಿತ್ತ ಆಗುತ್ತಿರಲಿಲ್ಲ. ನಾನು ಅಕ್ಕಿ ಆರಿಸುವ ನೆಪದಲ್ಲಿ ಎದುರಿಗೆ ಕುಳಿತು ಕಾಯುತ್ತಿದ್ದೆ.

ಕೊನೆಯ ದಿನ ಒಂದು ಮೂಲೆ ಉಳಿದಾಗ ಆಯಿ ತಲೆ ಎತ್ತಿ, “ಒಳಗ ಹೋಗು ತಂಗಿ. ಈ ಮೂಲಿ ಹೊಲಿಯೋ ಮುಂದ ಯಾರೂ ನೋಡಬಾರದು” ಎಂದಳು.

ನನ್ನಂಥವಳಿಗೆ ಇಷ್ಟು ಸಾಕಲ್ಲ! ಒಳಗೆ ಹೋದಂತೆ ಮಾಡಿ ಬಾಗಿಲ ಸಂದಿಯಿಂದ ನೋಡಿದೆ. ಆಯಿ ಗೋಡೆಗೆ ಮುಖಮಾಡಿ ಕುಳಿತು, ಸೆರಗಿನ ಗಂಟಿನಿಂದ ಏನೋ ತೆಗೆದು ಮೂಲೆಯೊಳಗೆ ತುರುಕಿದಳು. ಬಾಯಲ್ಲಿ ಏನೋ ಪಿಸುಗುಟ್ಟಿದಳು. ಸರಸರ ಹೊಲಿದು ಹಲ್ಲಿನಿಂದ ದಾರ ಹರಿದಳು.

ಎಂಟು ದಿನಕ್ಕೆ ಕೂಸಿಗೆ ಜ್ವರ ಬಂತು. ದವಾಖಾನೆಯ ಔಷಧಿ ಕೊಟ್ಟೆವು, ಇಳಿಯಲಿಲ್ಲ. ಕೌದಿಯ ಮೂಲೆ ಹಿಚುಕಿದೆ, ಗಟ್ಟಿಯಾಗಿ ಏನೋ ಕೈಗೆ ಹತ್ತಿತು. ಬ್ಲೇಡಿನಿಂದ ಹೊಲಿಗೆ ಬಿಚ್ಚಿದರೆ ಒಂದು ಚೂರು ರೊಟ್ಟಿ, ಅದಕ್ಕೆ ಬೆಲ್ಲ ಮೆತ್ತಿತ್ತು, ಅರಿಷಿಣದ ಕಲೆ ಇತ್ತು. ಮಾಟ! ಕಾಗದದಲ್ಲಿ ಹಿಡಿದು ಗಟಾರದ ಆಚೆ ಎಸೆದು, ಉಪ್ಪು ನೀರಿನಲ್ಲಿ ಕೈ ತೊಳೆದೆ. ಕೈಗೆ ಸಿಕ್ಕ ಕಪ್ಪು ದಾರದಿಂದ ಮೂಲೆಯನ್ನು ಹೇಗೋ ಹೊಲಿದೆ.

ಮರುದಿನ ಜ್ವರ ಇಳಿಯಿತು. ಔಷಧಿಯಿಂದ ಇಳಿದದ್ದು ಅಂತ ಯಜಮಾನರು ಎಷ್ಟು ಹೇಳಿದರೂ ಕೇಳುವವರು ಯಾರು? ನೀರಿನ ನಳದ ಹತ್ತಿರ ಒಬ್ಬಳ ಕಿವಿಯಲ್ಲಿ ಆಯಿ ಮಾಟ ಮಾಡಿದ್ದಾಳೆಂದು ಹೇಳಿದೆ, “ಯಾರಿಗೂ ಹೇಳಬ್ಯಾಡ” ಎಂದೂ ಹೇಳಿದೆ. ಹಾಗೆ ಹೇಳಿದ ಮಾತು ಎಷ್ಟು ಬೇಗ ಊರು ಸುತ್ತುತ್ತದೆಂದು ಯಾರಿಗೆ ಗೊತ್ತಿಲ್ಲ? ವಾರದಲ್ಲಿ ಎರಡು ಮನೆಯವರು ಅರ್ಧ ಹೊಲಿದ ಕೌದಿಗಳನ್ನು ಆಯಿಯ ಕೈಯಿಂದ ವಾಪಸ್ ತಂದರು. ಆಯಿ ಬಂದರೆ ಕೂಸುಗಳನ್ನು ಒಳಗೆ ಎತ್ತಿಕೊಂಡು ಹೋಗತೊಡಗಿದರು.

ಒಂದು ಮಧ್ಯಾಹ್ನ ಆಯಿ ನಮ್ಮ ಮನೆಗೆ ಬಂದಳು. ಕುಳಿತುಕೊಳ್ಳಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ಕೌದಿಯ ಮೂಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದಳು. ಕಪ್ಪು ದಾರದ ಮೇಲೆ ಹೆಬ್ಬೆರಳು ಆಡಿಸಿದಳು.

“ತುತ್ತು ಕಸಗೊಂಡ್ಯಾ, ತಂಗಿ?”

ನಾನು ಹಗ್ಗದ ಮೇಲಿನ ಬೇರೆ ಬಟ್ಟೆ ತೆಗೆಯತೊಡಗಿದೆ.

“ನಾವು ಉಟ್ಟು ಬಿಟ್ಟ ಬಟ್ಟಿಗೆ ಮತ್ತ ಜೀವ ಬರೂದು ತುತ್ತು ಹಾಕಿದ ಮ್ಯಾಲ. ಹೊಟ್ಟಿ ತುಂಬಿದ ಕೌದಿ ಕೂಸಿನ್ನ ಬೆಚ್ಚಗ ಇಡತೈತಿ. ಉಣ್ಣೋರನ್ನ ನೋಡಬಾರದು, ದೃಷ್ಟಿ ಆಗತೈತಿ ಅಂತ ನಿನಗ ಒಳಗ ಹೋಗು ಅಂದೆ. ‘ಉಣ್ಣು ನನ್ನವ್ವಾ, ಕೂಸಿನ್ನ ಕಾಯಿ’ ಅಂದಿದ್ದೆ, ಅಷ್ಟ.”

ಆಗಲಾದರೂ ಕಾಲು ಹಿಡಿಯಬೇಕಿತ್ತು ನಾನು. ಬಾಯಿಗೆ ಬಂದದ್ದೇ ಬೇರೆ. “ನನಗೇನ್ ಗೊತ್ರಿ ಆಯಿ? ನೀವು ಮೊದಲ ಹೇಳಬೇಕಿತ್ತು” ಎಂದೆ.

“ಹೌದವ್ವಾ, ನಂದ ತಪ್ಪು” ಎಂದು ಹೊರಟುಹೋದಳು.

ಓಣಿಯಲ್ಲಿ ನಾನು ಯಾರಿಗೂ ನನ್ನ ತಪ್ಪು ಹೇಳಲಿಲ್ಲ. ಎಷ್ಟೋ ದಿನಗಳ ನಂತರ ಎದುರು ಮನೆಯವರು ಧೈರ್ಯ ಮಾಡಿ ಒಂದು ಕೌದಿ ಕೊಟ್ಟರು. ಅದು ಮುಗಿಯುವ ದಿನ ಆಯಿ ಅವರ ಕಟ್ಟೆಯ ಮೇಲೆ ನಾಲ್ಕು ಹೆಂಗಸರನ್ನು ಕೂಡಿಸಿದಳು. ಕಿಟಕಿಯಿಂದ ನೋಡಿದೆ. ರೊಟ್ಟಿಯ ಚೂರು ಎತ್ತಿ ತೋರಿಸಿದಳು. ಕೈ ಹಿಂದೆ ಮುಂದೆ ತಿರುಗಿಸಿದಳು. “ನೋಡ್ರೆವಾ, ಬರೇ ರೊಟ್ಟಿ. ನಿಮ್ಮ ಕೈಲೇ ಹಾಕ್ರಿ” ಎಂದಳು. ಅಂದಿನಿಂದ ಪ್ರತಿ ಮನೆಯಲ್ಲೂ ಹಾಗೇ. ಕಳ್ಳತನ ಮಾಡದವಳು ಮನೆಮನೆಯಲ್ಲಿ ಕೈ ಝಾಡಿಸಿ ತೋರಿಸುತ್ತ ಬದುಕಿದಳು.

ಮುಂದೆ ನಾವು ಬಾಗಲಕೋಟೆಗೆ ಬಂದೆವು. ಆಯಿ ತೀರಿಹೋದ ಸುದ್ದಿ ಬಹಳ ತಡವಾಗಿ ಗೊತ್ತಾಯಿತು, ಬಸ್ಸಿನಲ್ಲಿ ಸಿಕ್ಕವರು ಯಾರೋ ಹೇಳಿದರು. ಆ ಕೌದಿ ಇಂದಿಗೂ ನಮ್ಮ ಮನೆಯಲ್ಲಿದೆ, ಕಪ್ಪು ದಾರದ ಮೂಲೆ ಖಾಲಿಯೇ ಇದೆ. ನಾನೇ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬಹುದಿತ್ತು. ಇಟ್ಟರೆ ತಪ್ಪು ಒಪ್ಪಿಕೊಂಡಂತಾಗುತ್ತಿತ್ತಲ್ಲ...

“ಅಮ್ಮಾರ?” ಹುಡುಗಿಯ ಕೈ ಇನ್ನೂ ಚಾಚಿಯೇ ಇತ್ತು.

“ಇದನ್ನ ಯಾರ ಹತ್ರ ಕಲ್ತಿ?”

“ಇಳಕಲ್ದಾಗ ನಮ್ಮ ದೊಡ್ಡವ್ವನ ಹತ್ರ ರೀ. ಅಕಿಗೆ ಅವರ ಓಣ್ಯಾನ ಆಯಿ ಕಲಿಸಿದ್ಲಂತ.”

“ಕೈ ತೋರಸೂದು ಹಿಂದಿನ ಪದ್ಧತಿ ಅಲ್ಲ ತಂಗಿ. ಆ ಆಯಿ ಮ್ಯಾಲ ನಾ ಸಂಶೆ ಪಟ್ಟೆ. ಮಾಟ ಮಾಡ್ಯಾಳ ಅಂತ ಓಣಿ ತುಂಬ ಹೇಳಿದೆ. ಅದಕ್ಕ ಅಕಿ ಕೈ ತೋರಸಬೇಕಾತು.”

ಚಿತ್ರ ಹಿಡಿಯುತ್ತಿದ್ದವರ ಕೈಗಳು ಕೆಳಗಿಳಿದವು. ಮಗಳು, “ಯವ್ವಾ, ಏನಂತೀ?” ಎಂದು ನನ್ನ ಮುಖ ನೋಡಿದಳು. ಆ ಕೌದಿಯಲ್ಲೇ ಬೆಳೆದವಳು ಅವಳು, ಅವಳಿಗೂ ನಾನು ಹೇಳಿರಲಿಲ್ಲ.

“ನೀನ ಹಾಕು ತಂಗಿ. ಉಣ್ಣೋರನ್ನ ನೋಡಬಾರದು” ಎಂದೆ.

“ನೋಡದಿದ್ರ ನಂಬಿಕಿ ಹೆಂಗ್ರಿ ಬರೂದು?” ಎಂದಳು ಹುಡುಗಿ, ಪಾಪ, ಕಲಿತದ್ದೇ ಹಾಗೆ.

ನಾನು ಗೋಡೆಯ ಕಡೆಗೆ ತಿರುಗಿ ಕುಳಿತೆ. ಬೆನ್ನ ಹಿಂದೆ ಬಟ್ಟೆ ಸರಿದ ಸಪ್ಪಳ, ಆಮೇಲೆ ದಾರ ಎಳೆದ ಸಪ್ಪಳ. ಒಮ್ಮೆ ಹೊರಳಿ ನೋಡೋಣವೆಂದು ಕುತ್ತಿಗೆ ಎಳೆಯುತ್ತಿತ್ತು. ಹುಟ್ಟುಗುಣ, ಎಲ್ಲಿ ಹೋಗುತ್ತದೆ... ಹಲ್ಲಿನಿಂದ ದಾರ ಹರಿದದ್ದು ಕೇಳಿಸುವವರೆಗೂ ನೋಡಲಿಲ್ಲ.