ಊರೂರು ಸುತ್ತಿ ಸಂಬಂಧ ವಿಚಾರಿಸುವ ದತ್ತಾತ್ರಿ ಕಾಕಾ

ಔರಾದ ಬಸ್ ನಿಲ್ದಾಣದಲ್ಲಿ ಇನ್ನೂ ಮಬ್ಬುಗತ್ತಲೆ. ಬೀದರಿನಿಂದ ಬಂದ ಮೊದಲ ಬಸ್ಸಿನಿಂದ ಇಳಿಯುವ ದತ್ತಾತ್ರಿ ಕಾಕಾ, ಹೆಗಲ ಮೇಲಿನ ಟವೆಲ್ಲಿನಿಂದ ಕನ್ನಡಕ ಒರೆಸಿಕೊಂಡು ಮುಜೀಬೋದ್ದೀನರ ಚಹಾದಂಗಡಿಯ ಬೆಂಚಿನ ತುದಿಗೆ ಕೂರುತ್ತಾರೆ. ಚಹಾ ಬಶಿಗೆ ಸುರಿದುಕೊಂಡು ಸೊರ್ರನೆ ಹೀರುತ್ತ, ಪಕ್ಕದಲ್ಲಿ ಕೂತ ಅಪರಿಚಿತನನ್ನು ಕೇಳುತ್ತಾರೆ: "ಈ ಸಲ ತೊಗರಿ ಹ್ಯಾಂಗ ಅದರಿ ನಿಮ್ಮ ಕಡಿ?"

ತೊಗರಿಯಿಂದ ಮಾತು ಕುರಿಗೆ, ಕುರಿಯಿಂದ ಊರಿಗೆ, ಊರಿನಿಂದ ಮೆಲ್ಲಗೆ ಒಂದು ಮನೆಗೆ ಬರುತ್ತದೆ. ಆ ಮನೆಯಲ್ಲಿ ಮದುವೆಯ ವಯಸ್ಸಿನ ಹುಡುಗನೊಬ್ಬ ಇರುತ್ತಾನೆ. ಚಹಾ ಮುಗಿಯುವಷ್ಟರಲ್ಲಿ ಕಾಕಾರ ಅರ್ಧ ಕೆಲಸ ಮುಗಿದಿರುತ್ತದೆ. ಇವರು ಯಾರು ಎಂದು ಯಾರಾದರೂ ಕೇಳಿದರೆ ಮುಜೀಬೋದ್ದೀನರು, "ತೊಗರಿ ಖರೀದಿಗಿ ಬರ್ತಾರ್ರಿ" ಅಂದು ಗಂಭೀರವಾಗಿ ಕಪ್ಪು ತೊಳೆಯುತ್ತಾರೆ.

ದತ್ತಾತ್ರಿ ಖಾಸಗಿ ಪತ್ತೇದಾರ. ಉದ್ದ ಕೋಟು, ಭೂತಗನ್ನಡಿ ಯಾವುದನ್ನೂ ಇವರ ಹತ್ತಿರ ಹುಡುಕಬೇಡಿ. ಬೀದರಿನ ಹಳೆಪೇಟೆಯಲ್ಲಿ ಒಂದು ಸಣ್ಣ ಕೋಣೆ, ಬಾಗಿಲ ಮೇಲೆ 'ಖಾಸಗಿ ವಿಚಾರಣೆ ಮಾಡಿಕೊಡಲಾಗುವುದು' ಎಂಬ ಬೋರ್ಡು. ಅದನ್ನು ಬರೆದ ಪೇಂಟರ್ ಉಸ್ಮಾನ ಮಿಯಾ ತಮ್ಮ ಖುಷಿಗೆ ಒಂದು ದೊಡ್ಡ ಕಣ್ಣನ್ನೂ ಬಿಡಿಸಿಟ್ಟರು. ಅದನ್ನು ನೋಡಿ ಮೊದಮೊದಲು ಕನ್ನಡಕ ಮಾಡಿಸಲು ಬಂದವರೇ ಹೆಚ್ಚಂತೆ. ಕಳೆದ ಎಮ್ಮೆ ಹುಡುಕಿಸಲು ಬಂದವರೂ ಇದ್ದಾರೆ. ಆದರೆ ಕಾಕಾರ ನಿಜವಾದ ಕೆಲಸ ಒಂದೇ: ಹೆಣ್ಣು ಕೊಡುವ ಮೊದಲು ಗಂಡಿನ ಮನೆ ಎಂಥದು ಎಂದು ತಿಳಿದು ಬರುವುದು.

ಈ ವಿದ್ಯೆ ಬಂದದ್ದು ಅಪ್ಪನ ಬಟ್ಟೆಗಂಟಿನಿಂದ. ಅಪ್ಪ ಸೈಕಲ್ಲಿಗೆ ಗಂಟು ಕಟ್ಟಿಕೊಂಡು ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ಸೀರೆ, ಕುಪ್ಪಸದ ಖಣ ಮಾರುತ್ತಿದ್ದರು. ಅವರ ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ದತ್ತಾತ್ರಿ. ಹೆಣ್ಣುಮಕ್ಕಳು ಖಣ ಆರಿಸುತ್ತ ಊರಿನ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದರು. ಮುಂದಿನ ಊರಿನವರು, "ಆ ಮನಿ ಹ್ಯಾಂಗ ಅದನೋ ತಮ್ಮಾ?" ಎಂದು ಕೇಳುತ್ತಿದ್ದರು.

"ಆಗ ಊರಿಗಿ ಕಾಲಿಟ್ಟರ ಸಾಕ್ರಿ, ಕಟ್ಟಿ ತುಂಬ ಮಂದಿ ಕೂತಿರ್ತಿದ್ರು. ಒಬ್ಬ ಸುಳ್ಳ ಹೇಳಿದರ ಬಾಜೂಕಿನವ ಕೆಮ್ಮತಿದ್ದ. ಆ ಕೆಮ್ಮು ಕೇಳೇ ನಾವು ತಿಳಕೊಂತಿದ್ವಿ" ಎಂದು ಕಾಕಾ ನಗುತ್ತಾರೆ. ಈಗ ಕಟ್ಟೆಗಳು ಹಾಗೇ ಇವೆ, ಕೂರುವವರಿಲ್ಲ. ವರನ ವಿವರ ಮೊಬೈಲಿಗೇ ಬರುತ್ತದೆ, ಫೋಟೊದಲ್ಲಿ ಎಲ್ಲರೂ ಚೆಂದವೇ. ಆ ಕೆಮ್ಮು ಮಾತ್ರ ಎಲ್ಲಿಯೂ ಕೇಳುವುದಿಲ್ಲ ಎಂಬುದು ಅವರ ಕೊರಗು. ಬಟ್ಟೆಗಂಟಿನ ದಿನಗಳ ಮಾತು ಬಂದರೆ ಕೈಯಲ್ಲಿನ ಚಹಾ ಆರಿದ್ದೂ ಅವರಿಗೆ ತಿಳಿಯುವುದಿಲ್ಲ.

ಕೆಲಸ ಕೊಡಲು ಬರುವ ತಂದೆಯರು ನೇರ ಮಾತಿಗೆ ಬರುವುದಿಲ್ಲ. ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ದನಿ ಇಳಿಸಿ ಹುಡುಗನ ಹೆಸರು ಹೇಳುತ್ತಾರೆ. ಹೋಗುವಾಗ, "ಮಗಳಿಗಿ ಗೊತ್ತಾಗಬಾರದ್ರಿ" ಎಂದು ಮರೆಯದೆ ಸೇರಿಸುತ್ತಾರೆ. ಆಮೇಲಿನದು ಕಾಕಾರ ತಿರುಗಾಟ: ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಗಳ ಗೇಟು. ನಾಯಿಗಳು ಅಟ್ಟಿಸಿಕೊಂಡು ಬಂದದ್ದಿದೆ, ಗಂಡಿನ ಕಡೆಯವರು ಅಂಗಿ ಹಿಡಿದದ್ದೂ ಇದೆ. ಹೆಂಡತಿ ಸಖುಬಾಯಿ, "ಮಂದಿ ಮನಿ ಬಾಗಿಲಾ ಕಾಯೋದು ಸಾಕು ಮಾಡ್ರಿ" ಎನ್ನುತ್ತಲೇ ಬುತ್ತಿ ಕಟ್ಟಿಕೊಡುತ್ತಾರೆ.

ಈ ಸೀಮೆಯಲ್ಲಿ ಸಂಬಂಧ ಕೆಡಿಸಿದ ಪಾಪ ಯಾರಿಗೂ ಬೇಡ. ಹುಡುಗ ಹೇಗಿದ್ದಾನೆ ಎಂದು ಕೇಳಿದಾಗ, "ಅವರಪ್ಪ ಭಾಳ ಛಲೋ ಮನುಷ್ಯ" ಎಂಬ ಉತ್ತರ ಬಂದರೆ ಹುಡುಗ ಸರಿಯಿಲ್ಲ ಎಂದೇ ಅರ್ಥ. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳದೆ, ಒಳ್ಳೆಯದನ್ನು ಬೇರೆಯವರ ಮೇಲೆ ಹೊರಿಸುತ್ತಾರೆ. ಇದನ್ನು ಓದುವುದರಲ್ಲಿ ಕಾಕಾರದು ಎತ್ತಿದ ಕೈ. ಎರಡು ವರ್ಷದ ಹಿಂದೆ ಅವರು ಎಡವಿದ್ದೂ ಇಲ್ಲಿಯೇ.

ಭಾಲ್ಕಿಯ ಕಿರಾಣಿ ವ್ಯಾಪಾರಿ ಅನೀಲಕುಮಾರ ತಮ್ಮ ಮಗಳು ರಾಧಿಕಾಳಿಗೆ ಔರಾದ ಕಡೆಯ ಡಾಬಕಾ ಹಳ್ಳಿಯ ಅವಿನಾಶನನ್ನು ನೋಡಿದ್ದರು. ಹುಡುಗನಿಗೆ ಕೊಳಾರದಲ್ಲಿ ಕೆಲಸ. ಕಾಕಾ ಡಾಬಕಾಕ್ಕೆ ಹೋಗಿ ಹುಡುಗನ ಪಕ್ಕದ ಮನೆಯ ಬಸವಣ್ಣೆಪ್ಪನನ್ನು ಮಾತಿಗೆಳೆದರು. "ಅವರಪ್ಪ ದೇವರಂಥವ್ರು" ಎಂದ ಬಸವಣ್ಣೆಪ್ಪ ಹುಡುಗನ ಮಾತು ಬಂದಾಗ ಎದ್ದು ಹೋಗಿ ಕುರಿಗಳಿಗೆ ನೀರಿಟ್ಟ. ಕಾಕಾ ಮತ್ತೊಬ್ಬರನ್ನು ಕೇಳಲಿಲ್ಲ. ಭಾಲ್ಕಿಗೆ ಬಂದು, "ಬ್ಯಾಡ್ರಿ" ಎಂದರು. ಅನೀಲಕುಮಾರ ಮರುದಿನವೇ ಸಂಬಂಧ ಮುರಿದರು.

ಕೆಲವು ದಿನಗಳ ನಂತರ ರಾಧಿಕಾ ಹೇಗೋ ಕಾಕಾರ ವಿಳಾಸ ಪತ್ತೆ ಹಚ್ಚಿ, ಅಪ್ಪನಿಗೆ ತಿಳಿಸದೆ ಬೀದರಿಗೆ ಬಂದಳು.

"ಕಾಕಾ, ಅವ್ರು ಏನ ಮಾಡ್ಯಾರ ಹೇಳ್ರಿ. ಕುಡೀತಾರೇನು?"

"ಹಂಗೇನಿಲ್ಲವ್ವಾ."

"ಬ್ಯಾರೆ ಯಾರಾರ ಅದಾರೇನು?"

"ಯಾರೂ ಏನೂ ಅನ್ನಲಿಲ್ಲ."

"ಯಾರೂ ಏನೂ ಅನ್ನದಿದ್ದರ ಅದು ಅವರ ತಪ್ಪೇನ್ರಿ? ನೋಡಲಿಕ್ಕ ಬಂದಾಗ ನಾ ಉಪ್ಪಿಟ್ಟಿಗಿ ಉಪ್ಪು ಹಾಕೋದು ಮರ್ತಿದ್ದೆ. ಎಲ್ಲರೂ ತಾಟಿನ್ಯಾಗ ಬಿಟ್ಟರು. ಅವರೊಬ್ರೇ ಪೂರಾ ತಿಂದ್ರು. ಅಂಥವ್ರು ಕೆಟ್ಟವ್ರು ಹ್ಯಾಂಗ ಆಗ್ತಾರ, ನನಗ ತಿಳಿವಲ್ತು."

ಕಾಕಾ ಮರುದಿನವೇ ಡಾಬಕಾಕ್ಕೆ ಮತ್ತೆ ಹೋದರು. ಗಿರಣಿಯಲ್ಲಿ ಜೋಳ ಬೀಸಿಸಲು ಬಂದಿದ್ದ ರುಕ್ಮಿಣಿಬಾಯಿ ಎಂಬ ಮುದುಕಿ ಅವಿನಾಶನನ್ನು ಬಾಯಿತುಂಬ ಹೊಗಳಿದರು. ಬಸವಣ್ಣೆಪ್ಪ ಯಾಕೆ ಹಾಗೆ ಮಾಡಿದ ಎಂದು ಕಾಕಾ ಕೇಳಿದ್ದಕ್ಕೆ ಆಕೆ ನಕ್ಕುಬಿಟ್ಟರು.

"ಅಂವ ಹುಡುಗನ ಸೋದರಮಾವ ಹೌದಲ್ರಿ. ತನ್ನ ಮಗಳಿಗಿ ಅಂತ ಹುಡುಗನ್ನ ಇಟಗೊಂಡಾನ. ನಿಮ್ಮ ಮುಂದ ಹ್ಯಾಂಗ ಹೊಗಳ್ತಾನ?"

ಸೋದರಮಾವನ ಮಗಳಿಗೇ ಮೊದಲ ಹಕ್ಕು ಎಂಬುದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಕಾಕಾ ಬಸವಣ್ಣೆಪ್ಪನ ಮೌನವನ್ನು ಓದಿದ್ದರು, ನೀವು ಹುಡುಗನಿಗೆ ಏನಾಗಬೇಕು ಎಂದು ಮಾತ್ರ ಕೇಳಿರಲಿಲ್ಲ. ಅಷ್ಟರಲ್ಲಿ ಅವಿನಾಶನಿಗೂ ಬಸವಣ್ಣೆಪ್ಪನ ಮಗಳಿಗೂ ನಿಶ್ಚಯ ಮುಗಿದು ಹೋಗಿತ್ತು.

ಕಾಕಾ ಭಾಲ್ಕಿಗೆ ಹೋಗಿ ಅನೀಲಕುಮಾರರ ಮನೆಯಲ್ಲಿ ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡರು. ಅನೀಲಕುಮಾರ ರೇಗಿದರು. ರಾಧಿಕಾ ಮಾತ್ರ, "ಅವ್ರು ಛಲೋ ಇದ್ರು ಅಂತ ಗೊತ್ತಾತಲ್ರಿ ಕಾಕಾ, ಅಷ್ಟ ಸಾಕು" ಎಂದು ಒಳಗೆ ಹೋದಳು. ಆಕೆಗೆ ಬೇರೆ ಕಡೆ ಮದುವೆಯಾಗಿದೆ, ಸುಖವಾಗಿದ್ದಾಳೆ ಎಂದು ಕಾಕಾ ಕೇಳಿದ್ದಾರೆ. ಆದರೂ ಆಕೆಯ ಆ ಮಾತು ನೆನೆದಾಗ, "ಆಕಿ ಬೈದಿದ್ದರ ಹಗುರ ಆಗ್ತಿದ್ದೆ ನೋಡ್ರಿ" ಎನ್ನುತ್ತಾರೆ.

ಅಂದಿನಿಂದ ಅವರದೊಂದು ಷರತ್ತು. ವಿಚಾರಣೆಯಲ್ಲಿ ತಿಳಿದದ್ದನ್ನು ಹುಡುಗಿಯ ಎದುರಿಗೇ ಹೇಳುತ್ತಾರೆ, ಅಪ್ಪನ ಕಿವಿಯಲ್ಲಿ ಅಲ್ಲ. ಯಾರು ಹೇಳಿದರು, ಅವರು ಹುಡುಗನಿಗೆ ಏನಾಗಬೇಕು ಎಂಬುದನ್ನೂ ಬಿಡಿಸಿ ಹೇಳುತ್ತಾರೆ. ಹುಡುಗಿ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಮತ್ತೆ ಬಸ್ಸು ಹತ್ತುತ್ತಾರೆ. ಇದನ್ನು ಕೇಳಿ ಅರ್ಧಕ್ಕರ್ಧ ತಂದೆಯರು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ ಎನ್ನುತ್ತಾರೆ ಕಾಕಾ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಅವರು ತಮ್ಮ ಸಣ್ಣ ಕೋಣೆಯನ್ನೊಮ್ಮೆ ನೋಡುತ್ತಾರೆ.

"ಇನ್ನೊಂದು ಕುರ್ಚಿ ತರಬೇಕ್ರಿ. ಈಗ ಎರಡೇ ಅವ. ಒಂದರಾಗ ನಾ, ಒಂದರಾಗ ಅಪ್ಪ. ಹುಡುಗಿ ಗ್ವಾಡಿಗಿ ಆತು ನಿಂದರ್ತಾಳ. ತನ್ನ ಬಾಳೇವದ ಮಾತು ಆಕಿ ನಿಂತು ಕೇಳಬಾರದು. ಕುರ್ಚಿ ಬರೋತನಕ ನಾನೇ ನಿಂದರ್ತೇನಿ."