ಜೀತದ ಮಾತು ಯಾರಿಗೂ ಬೇಡ

ಕಳೆದ ವರ್ಷ ಮಹಿಳಾ ದಿನಕ್ಕೆ ಕೊಪ್ಪದ ನಮ್ಮ ಹೈಸ್ಕೂಲಿನ ಹುಡುಗಿಯರು ಒಂದು ನಾಟಕ ಆಡಿದರು. ಅಮೆರಿಕದಲ್ಲಿ ಕಪ್ಪು ಹೆಂಗಸರನ್ನು ಸಂತೆಯಲ್ಲಿ ನಿಲ್ಲಿಸಿ ಮಾರುವುದು, ಅವರು ತಿರುಗಿ ಬೀಳುವುದು, ಇಷ್ಟು ಕತೆ. ಆಡಿಸಿದವರು ಕನ್ನಡ ಮೇಡಂ. ತಾಲೀಮಿನಲ್ಲೇ ಅವರ ಕಣ್ಣು ಒದ್ದೆಯಾಗುತ್ತಿತ್ತು. ಅದೇ ಶಾಲೆಯಲ್ಲಿ ನಾನು ಸಮಾಜ ಪಾಠ ಮಾಡುವವಳು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಹೇಳಿದೆ, "ನಾಟಕ ಆದ ಮೇಲೆ ನಮ್ಮಮ್ಮನೂ ನಾಲ್ಕು ಮಾತಾಡಲಿ ಮೇಡಂ. ಕಿಗ್ಗದ ಹತ್ತಿರ ಒಂದು ಮನೆಯಲ್ಲಿ ಜೀತಕ್ಕಿದ್ದವಳು ಅವಳು."

ಮೇಡಂ ಊಟದ ಡಬ್ಬಿ ಮುಚ್ಚಿದರು. "ಅಯ್ಯೋ ಮಾರಾಯ್ತಿ, ಅದಕ್ಕೂ ಇದಕ್ಕೂ ಎಂತ ಸಂಬಂಧ? ನಮ್ಮ ಕಡೆ ಹಾಗೆಲ್ಲ ಇರಲಿಲ್ಲ. ಆಳುಗಳನ್ನ ಮನೆಮಂದಿ ಹಾಗೆ ನೋಡ್ಕೊಳ್ತಿದ್ರು."

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬಾಡಿಗೆ ಮನೆ ಹುಡುಕುವಾಗಲೂ ಇಂಥ ನಯದವರೇ ಸಿಗುತ್ತಾರೆ. ಕೋಣೆ ತೋರಿಸಿ, ಕಾಫಿ ಕುಡೀತೀರಾ ಅಂದು, ಆಮೇಲೆ ಮೆಲ್ಲಗೆ "ನೀವು ಯಾವ ಜನ?" ಅನ್ನುತ್ತಾರೆ. ಹೇಳಿದೆನೋ, ನಮ್ಮ ಮಗಳು ಬರುವವಳಿದ್ದಾಳೆ, ಮನೆ ಅವಳಿಗೆ ಬೇಕು ಅನ್ನುತ್ತಾರೆ. ಜಗಳವಾದರೂ ಯಾರ ಹತ್ತಿರ ಆಡುವುದು?

ಹೆಡ್‌ಮಾಸ್ಟರನ್ನು ಒಪ್ಪಿಸಿ ನಾಟಕದ ದಿನ ಅಮ್ಮನನ್ನು ಕರೆತಂದೆ. ಅವಳು ಮೈಕ್ ಬೇಡ ಅಂದಳು.

"ಹುಟ್ಟಿದಾಗಿಂದ್ಲೂ ಆ ಮನೆ ಆಳು ನಾನು. ಒಂದ್ಸಲ ನನ್ನ ತಂಗಿಗೆ ಜ್ವರ, ಏಳೋಕಾಗಲ್ಲ. ಕೆಲ್ಸಕ್ಕೆ ಎಳ್ಕೊಂಡು ಬನ್ನಿ ಅಂದ್ರು ಆ ಮನೆ ಯಜಮಾನ್ರು. ಕೊಟ್ಟಿಗೇಲಿದ್ದ ಹೆಂಗಸ್ರೆಲ್ಲ ಸಗಣಿ ಬುಟ್ಟಿ ಅಲ್ಲೇ ಬಿಟ್ವಿ. ಗಂಡಸ್ರು ಹೆದ್ರಿ ಸುಮ್ನಿದ್ರು. ತಂಗೀನ ಎತ್ಕೊಂಡು ಶೃಂಗೇರಿ ತನಕ ನಡ್ದು, ತಾಲೂಕು ಆಫೀಸಿನ ಜಗಲಿ ಮೇಲೆ ಕೂತ್ವಿ. ಜೀತದಿಂದ ಬಿಡುಗಡೆ ಅಂತ ಆಫೀಸಿನವ್ರು ಬರ್ದುಕೊಡೋ ತನಕ ಏಳ್ಲಿಲ್ಲ. ವಾಪಸ್ ಬಂದು ನೋಡಿದ್ರೆ ನಮ್ಮ ಗುಡಿಸ್ಲು ಕಿತ್ತು ಹಾಕಿದ್ರು. ಆದ್ರೂ ಆ ಕೆಲ್ಸಕ್ಕೆ ಮತ್ತೆ ಹೋಗ್ಲಿಲ್ಲ. ತಂಗಿ ಈಗ ನರಸಿಂಹರಾಜಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದಾಳೆ."

ಆಮೇಲೆ ಕನ್ನಡ ಮೇಡಂ ಕಡೆ ತಿರುಗಿದಳು. "ಮನೆಮಂದಿ ಹಾಗೆ ಇದ್ವಿ ಅಂದ್ರಂತೆ ನೀವು. ಆ ಮನೇಲಿ ಎಷ್ಟು ಕೋಣೆ ಇತ್ತು ಅಂತ್ಲೇ ನಂಗೆ ಗೊತ್ತಿಲ್ಲ. ಹೊಸ್ತಿಲು ದಾಟಿದ್ರೆ ತಾನೆ?"

ಮೇಡಂ ನೆಲ ನೋಡಿದರು. ಹುಡುಗಿಯರು ಅಮ್ಮನನ್ನು ಸುತ್ತುಗಟ್ಟಿ ಪ್ರಶ್ನೆ ಕೇಳಿದ್ದೇ ಕೇಳಿದ್ದು.

ಇನ್ನಾದರೂ ಏನೋ ಸರಿಹೋಯಿತು ಅಂದುಕೊಂಡೆ. ಮಾರನೇ ದಿನ ಮೇಡಂ ನನ್ನ ಕೈ ಹಿಡಿದುಕೊಂಡು, "ನಿಮ್ಮ ತಾಯಿ ಎಷ್ಟು ಚೆನ್ನಾಗಿ ಮಾತಾಡಿದ್ರು! ನೋಡಿದ್ರೆ ನಿಮ್ಮ ಜನ ಅಂತ ಗೊತ್ತೇ ಆಗಲ್ಲ" ಎಂದರು. ಹೊಗಳಿದ್ದಂತೆ ಅದು.

"ನೋಡಿದ್ರೆ ಹೇಗೆ ಗೊತ್ತಾಗಬೇಕಿತ್ತು ಮೇಡಂ?"

"ನಿಮಗೆ ಎಲ್ಲದಕ್ಕೂ ಸಿಟ್ಟು" ಎಂದು ನಕ್ಕು ಅವರು ಕ್ಲಾಸಿಗೆ ಹೋದರು.

ಸಂಜೆ ಮೀನು ಕೊಯ್ಯುತ್ತಿದ್ದ ಅಮ್ಮನಿಗೆ ಇದನ್ನು ಹೇಳಿದೆ. "ಅವರ ಮಾತು ಬಿಡು. ಹುಡುಗೀರು ಮತ್ತೆ ಬನ್ನಿ ಅಂದಿದಾರೆ, ಹೋಗ್ತೀನಿ" ಎಂದಳು. ಅವಳ ಸಮಾಧಾನದ ಮೇಲೂ ನನಗೆ ಸಿಟ್ಟು ಬಂತು. ಮೀನು ತೊಳೆಯಲು ನೀರು ತಂದಿಟ್ಟೆ.