ಉಪ್ಪು ಮುಟ್ಟದ ಭಾನುವಾರ ಸಮುದ್ರದ ನೀರು

ಲೋಟ ಇನ್ನೇನು ತುಟಿಗೆ ತಾಗಬೇಕು, ಅಷ್ಟರಲ್ಲಿ ತಂಗಿಯ ಮಗಳು ಗಿರಿಜಾ, “ದೊಡ್ಡವ್ವ, ಇದು ಸಮುದ್ರದ ನೀರು ನೋಡ” ಎಂದು ಹೆಮ್ಮೆಯಿಂದ ಹೇಳಿದಳು. ಲೋಟ ಕೆಳಗಿಟ್ಟೆ. ಅವತ್ತು ಭಾನುವಾರ, ಸೂರ್ಯದೇವರ ಹೆಸರಿನಲ್ಲಿ ನಾನು ಉಪ್ಪು ಮುಟ್ಟದ ದಿನ. ಹಾನಗಲ್ಲಿನಿಂದ ಹೊರಟು, ಕಡಲ ದಂಡೆಯ ಅವಳ ಗಂಡನ ಹಳ್ಳಿ ಮುಟ್ಟುವಷ್ಟರಲ್ಲಿ ಗಂಟಲು ಒಣಗಿ ಹೋಗಿತ್ತು.

“ಅಲ್ಲವ್ವಾ, ಇಪ್ಪತ್ತು ವರ್ಷದ ವ್ರತಾನ ಒಂದು ಲೋಟದಾಗ ಮುಳುಗಸ್ತೀಯೇನ?” ಎಂದೆ.

ಅವಳು ನಗುತ್ತ ಹಿತ್ತಲಿಗೆ ಕರೆದೊಯ್ದು, ಬೇಲಿಯಾಚೆ ಬಿಸಿಲಿಗೆ ಮುಖ ಮಾಡಿದ್ದ ಸೋಲಾರ್ ಫಲಕಗಳನ್ನೂ ಪಕ್ಕದಲ್ಲಿ ಗುಂಯ್‌ಗುಡುತ್ತಿದ್ದ ಯಂತ್ರವನ್ನೂ ತೋರಿಸಿದಳು. ಊರಿಗೆಲ್ಲ ಅದರದೇ ನೀರಂತೆ. “ನಿನ್ನ ಸೂರ್ಯದೇವ್ರೇ ಮಷಿನ್ ನಡಸ್ತಾನ, ಅದು ಉಪ್ಪು ತಗೀತೈತಿ. ಇನ್ನೇನ ಬೇಕು ನಿನಗ?”

ಬಿಸಿಲಿಗೆ ಕೈಮುಗಿದು ಎರಡು ಲೋಟ ಕುಡಿದೆ. ಜೀವ ಬಂದಂತಾಯಿತು. ಮೂರನೆಯದನ್ನು ತುಂಬಿಕೊಡುತ್ತಿದ್ದ ಗಿರಿಜಾ ನಾಲಿಗೆ ಕಚ್ಚಿಕೊಂಡಳು. “ದೊಡ್ಡವ್ವ, ನೀರು ಭಾಳ ಸಪ್ಪಗಿರ್ತೈತಂತ ಮುಂಜಾನೆ ಕೊಡದಾಗ ನಾನ ಒಂದು ಚಿಟಿಕಿ ಉಪ್ಪು ಹಾಕೇನಿ.”

ಆ ಮೂರನೆಯ ಲೋಟವನ್ನೂ ಕುಡಿದೆ. ಸಮುದ್ರದ ಉಪ್ಪನ್ನೇ ತೆಗೆಸಿಕೊಟ್ಟ ದೇವರು ಒಂದು ಚಿಟಿಕೆಗೆ ಮುನಿಸಿಕೊಳ್ಳಲಾರ ಎಂಬ ಧೈರ್ಯ ನನಗಿತ್ತು. ಆದರೂ ಯಾವುದಕ್ಕೂ ಇರಲಿ ಎಂದು ಸೋಮವಾರವೂ ಸಪ್ಪೆ ಊಟವನ್ನೇ ಮಾಡಿದೆ.